ಇಪ್ಪತ್ತು ಮರಿಗೆ ಒಬ್ಬ ಬಾಯ್ಲರ್ ಮನುಷ್ಯ

ಹದಿನೆಂಟು ವರ್ಷ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮುಂದೆ ಬೆವರು ಸುರಿಸಿದವನು ನಾನು! ಮೂರಂತಸ್ತಿನ ಆ ರಾಕ್ಷಸ ನನ್ನ ಕಣ್ಸನ್ನೆಗೆ ಉಸಿರಾಡುತ್ತಾನೆ. ಅಂಥವನಿಗೆ ಇಪ್ಪತ್ತು ಕೋಳಿಮರಿ ಬೆಚ್ಚಗಿಡುವುದು ಯಾವ ಮಹಾ ಕೆಲಸ?

ಮರಿ ತಂದವಳು ನನ್ನ ಹೆಂಡತಿ ಮನೀಷಾ. ಅವಳ ಮಹಿಳಾ ಸಂಘದವರು ತರಿಸಿದ ಜವಾರಿ ಮರಿಗಳಲ್ಲಿ ಇಪ್ಪತ್ತು ಅವಳ ಪಾಲಿಗೆ ಬಂದಿದ್ದವು. ಹುಟ್ಟಿ ಎರಡೇ ದಿನ. ಉಗಾರದ ಡಿಸೆಂಬರ್ ಚಳಿ, ಹೊಳೆ ಕಡೆಯ ಗಾಳಿ. ತಾಯಿಯಿಲ್ಲದ ಮರಿಗಳು, ಬೆಚ್ಚಗಿದ್ದರೆ ಉಳಿದಾವು, ಇಲ್ಲದಿದ್ದರೆ ಇಲ್ಲ.

"ಒಂದು ಬಲ್ಬ್ ಸಾಕ್ರಿ. ನಾ ಮಾಡ್ತೇನಿ," ಅಂದಳು.

"ಹುಚ್ಚಿ! ಶಾಖದ ಶಾಸ್ತ್ರ ನಿನಗೇನ ಗೊತ್ತೈತಿ? ನೀ ಚಾ ಮಾಡು!"

ಟಿವಿ ಬಂದಿದ್ದ ರಟ್ಟಿನ ಖೋಕಾದಲ್ಲಿ ಹೊಟ್ಟು ಹಾಸಿದೆ. ಇನ್ನೂರು ವ್ಯಾಟಿನ ಎರಡು ಬಲ್ಬ್ ಇಳಿಬಿಟ್ಟೆ. ಹತ್ತು ನಿಮಿಷದಲ್ಲಿ ಇಪ್ಪತ್ತೂ ಮರಿ ಅಂಚಿಗೆ ಅಂಟಿಕೊಂಡು ಬಾಯಿ ತೆರೆದು ನಿಂತವು.

"ನೋಡು, ಖುಷಿಗೆ ಹಾಡಾಕತ್ತಾವು!"

"ಹಾಡೂದಲ್ರಿ, ತೇಕಾಕತ್ತಾವು! ಬೇಯಿಸ್ತೀರೇನು? ಬಲ್ಬ್ ಮ್ಯಾಲೆ ಎತ್ರಿ!"

ಎತ್ತಿದೆ. ಜಂತಿಯವರೆಗೂ ಎತ್ತಿದೆ. ಈಗ ಚಳಿಗೆ ಮರಿಗಳೆಲ್ಲ ಒಂದೇ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಗುಡ್ಡೆಯಾದವು.

"ಕೆಳಗಿನವು ಉಸಿರುಗಟ್ಟಿ ಸಾಯ್ತಾವ್ರಿ!"

ಇಳಿಸಿದೆ. ಎತ್ತಿದೆ. ಮತ್ತೆ ಇಳಿಸಿದೆ. ಕೊನೆಗೆ ಜಂತಿಗೆ ಹಗ್ಗ ಹಾಕಿ, ಬೇಕಾದಾಗ ಏರಿಸುವ, ಬೇಕಾದಾಗ ಇಳಿಸುವ ಮಹಾಯಂತ್ರವೊಂದನ್ನೇ ನಿರ್ಮಿಸಿದೆ! ಯಂತ್ರ ಅದ್ಭುತವಾಗಿತ್ತು; ಗಂಟು ಮಾತ್ರ ನಾನು ಹಾಕಿದ್ದು. ಅದು ಬಿಚ್ಚಿತು. ಬಲ್ಬುಗಳು ಹೊಟ್ಟಿನೊಳಗೆ ಬಿದ್ದವು. ಹೊಗೆ!

ಮನೀಷಾ ಓಡಿಹೋಗಿ ಮೇನ್ ಸ್ವಿಚ್ ಆರಿಸಿದಳು. ನಾನು ತುಂಬಿದ ಕೊಡ ಎತ್ತಿ ಸುರಿದೇಬಿಟ್ಟೆ. ಬೆಂಕಿ ಆರಿತು. ಮರಿಗಳ ಜೀವವೂ ಆರುವಂತಿತ್ತು!

ಎಲ್ಲವೂ ತೊಪ್ಪೆ. ಒಂದು ಪುಟ್ಟ ಮರಿ ನನ್ನ ಅಂಗೈಯಲ್ಲಿ ಕತ್ತು ಚೆಲ್ಲಿ, ಕಣ್ಣು ಮುಚ್ಚಿ ಮಲಗಿತು.

"ಮನೀಷಾ... ಏನ ಮಾಡ್ಲಿ?"

"ಬಿಸಲಾಗ ಕುಂದರ್ರಿ. ಬಾಯಿ ಮುಚ್ಚಿ ಕುಂದರ್ರಿ."

ಒಂದೊಂದೇ ಮರಿ ಒರೆಸಿದಳು. ಸೋತುಹೋದ ಐದನ್ನು ನನ್ನ ಸ್ವೆಟರಿನೊಳಗೆ ಬಿಟ್ಟಳು; ಉಳಿದವನ್ನು ನನ್ನ ತೊಡೆಯ ಮೇಲೆ ಕೌದಿಯಲ್ಲಿ ಸುತ್ತಿಟ್ಟಳು. ನಾನು ಉಸಿರನ್ನೂ ಅಳೆದು ಬಿಡುತ್ತ ಕುಳಿತೆ. ಅಷ್ಟರಲ್ಲಿ ಅವಳು ತಗಡನ್ನು ದುಂಡಗೆ ಬಗ್ಗಿಸಿ ನಿಲ್ಲಿಸಿದಳು.

"ಮೂಲಿ ಇದ್ರ ಗುಡ್ಡಿ ಬೀಳ್ತಾವು. ಅದಕ್ಕ ದುಂಡಗ."

ಹೊಸ ಹೊಟ್ಟು, ಒಂದು ಬದಿಗೆ ಒಂದೇ ಬಲ್ಬ್, ಅದಕ್ಕೆ ಗಟ್ಟಿ ಸರಪಳಿ. ಚಳಿಯಾದ ಮರಿ ಬಲ್ಬಿನ ಹತ್ತಿರ ಬರಬೇಕು, ಸೆಕೆಯಾದದ್ದು ದೂರ ಹೋಗಬೇಕು. ಇಷ್ಟೇ ಶಾಸ್ತ್ರ!

ಆಗ ಫೋನು. ನಮ್ಮ ಪಾಳಿಯ ಮುಖ್ಯಸ್ಥ ಅಣ್ಣಾಸಾಬರು. "ಏನ್ ಅಮೋಲ, ಪಾಳಿಗೆ ಬರೂದಿಲ್ಲೇನು?"

"ಏಳಾಕ ಆಗವಲ್ದ್ರಿ ಸಾಹೇಬ್ರ. ಎದಿ ಮ್ಯಾಲೆ ಮರಿ ಮಲಗ್ಯಾವು."

ಚಿಂವ್ ಚಿಂವ್ ಅವರಿಗೂ ಕೇಳಿಸಿತು.

"ರಜಾ ಬರ್ಕೋತೇನಿ," ಅಂದರು. "ಕಾರಣ ಬಾಣಂತನ ಅಂತ ಬರೀಲೇನು?"

ನಗಲೂ ಹೆದರಿಕೆ; ಹೊಟ್ಟೆ ಕುಲುಕಿದರೆ ಮರಿ ಉರುಳುತ್ತವಲ್ಲ! ಅಷ್ಟರಲ್ಲಿ ಸ್ವೆಟರಿನೊಳಗೆ ಯಾರೋ ಕುಟುಕಿದರು. ನೋಡಿದರೆ ಅದೇ ಪುಟ್ಟ ಮರಿ! ಕಣ್ಣು ಬಿಟ್ಟು ನನ್ನ ಅಂಗಿಯ ಗುಂಡಿಯನ್ನು ಕಾಳೆಂದು ತಿನ್ನಲು ನೋಡುತ್ತಿತ್ತು. ಸಂಜೆಯೊಳಗೆ ಇಪ್ಪತ್ತಕ್ಕೆ ಇಪ್ಪತ್ತೂ ಗಟ್ಟಿ. ಹೊಸ ಮನೆಗೆ ಬಿಟ್ಟರೆ ಬಲ್ಬಿನ ಸುತ್ತ ಹರಡಿಕೊಂಡು ನೆಮ್ಮದಿಯಾಗಿ ಮಲಗಿದವು.

ಒಂದು ತಿಂಗಳಾಯಿತು. ಮರಿಗಳಿಗೆ ರೆಕ್ಕೆ ಬಂದಿವೆ, ಅಂಗಳವೆಲ್ಲ ಅವುಗಳದೇ. ನಿನ್ನೆ ಸಂಘದ ರೂಪಾಲಿ ಬಂದವಳು ಗಟ್ಟಿಮುಟ್ಟಾದ ಮರಿಗಳನ್ನು ನೋಡಿ ಬೆರಗಾದಳು.

"ಅಯ್ಯ ಮನೀಷಾ, ನಮ್ಮವು ಅರ್ಧ ಹ್ವಾದವು. ನಿಮ್ಮವು ಎಲ್ಲಾ ಉಳದಾವಲ್ಲ! ಕಾವು ಕೊಡಾಕ ಮನ್ಯಾಗ ಹೇಂಟಿ ಕೋಳಿ ಇತ್ತೇನು?"

ಮನೀಷಾ ನನ್ನ ಕಡೆ ನೋಡಿದಳು. ಇಪ್ಪತ್ತೂ ಮರಿ ನನ್ನ ಕಾಲಿಗೆ ತೊಡರುತ್ತ ಬರುತ್ತಿದ್ದವು.

"ಐತಲ್ಲಬೇ! ಈ ಮನ್ಯಾಗ ಹೇಂತಿ ನಾನು," ಅಂದಳು, "ಹೇಂಟಿ ಅವ್ರು!"