ಬೇಸ್‌ಮೆಂಟಿನ ಟಂಕಸಾಲೆ

ದೇಶ ದೇಶದ ನಾಣ್ಯ, ನೋಟು ಕೂಡಿಡೋ ಹುಚ್ಚು ಇರೋನ ಮನೇಲಿ ಮೂರು ತಿಂಗಳಿಗೊಂದು ಪಜೀತಿ ತಪ್ಪಿದ್ದಲ್ಲ. ಕೆನಡಾದ ನಮ್ಮ ಸ್ಟ್ರೀಟ್ಸ್‌ವಿಲ್ ಮನೆ ಬೇಸ್‌ಮೆಂಟಲ್ಲಿ ನಲವತ್ತೆರಡು ದೇಶದ ದುಡ್ಡಿತ್ತು. ಆಫೀಸಲ್ಲಿ ಯಾರು ಎಲ್ಲಿಗೆ ಹೊರಟರೂ ಹಲ್ಲು ಗಿಂಜಿ ತರಿಸಿಕೊಂಡಿದ್ದು. ಹೆಂಡತಿಗೆ ಆ ಬೇಸ್‌ಮೆಂಟು ದೇವರಮನೆಗೆ ಬೇಕಾಗಿತ್ತು. ದೇವರು ಅಲ್ಲೀತನಕ ಅಡುಗೆಮನೆ ಕಪಾಟಲ್ಲಿ ಸೀರಿಯಲ್ ಡಬ್ಬದ ಪಕ್ಕ ಕೂತಿದ್ದರು. "ಒಂದಲ್ಲ ಒಂದಿನ ಇದಕ್ಕೆ ಒಳ್ಳೇ ಬೆಲೆ ಬರುತ್ತೆ ಕಣೇ" ಅಂದುಕೊಂಡೇ ನಾನು ವರ್ಷಗಟ್ಟಲೆ ಜಾಗ ಬಿಡದೆ ಕೂತಿದ್ದೆ.

ಎರಡು ಡಾಲರಿನ ಹೊಟ್ಟೆ

ತೊಂಬತ್ತಾರರಲ್ಲಿ ಇಲ್ಲಿ ಎರಡು ಡಾಲರಿನ ನೋಟು ನಿಂತು ನಾಣ್ಯ ಬಂತು. ಸುತ್ತ ಬೆಳ್ಳಿ ಬಣ್ಣದ ಬಳೆ, ನಡುವೆ ಚಿನ್ನದ ಬಣ್ಣದ ಬಿಲ್ಲೆ. ಫ್ರೀಜರಲ್ಲಿಟ್ಟು ಬಡಿದರೆ ಬಿಲ್ಲೆ ಕಳಚಿಕೊಳ್ಳುತ್ತೆ ಅಂತ ನಮ್ಮ ಮೆಡೋವೇಲ್ ಆಫೀಸಲ್ಲಿ ಒಂದೇ ಗುಲ್ಲು. ನಾನು ಮೆಕ್ಯಾನಿಕಲ್ ಇಂಜಿನಿಯರು, ಸುಮ್ಮನಿರಕ್ಕಾಗುತ್ತಾ? ಬಟಾಣಿ ಪ್ಯಾಕೆಟ್ಟಿನ ಕೆಳಗೆ ಒಂದು ದಿನ ಇಟ್ಟು, ಚಪಾತಿ ಲಟ್ಟಣಿಗೆಯಿಂದ ಬಡಿದೆ. ಲಟ್ಟಣಿಗೆ ಎರಡು ತುಂಡಾಯ್ತು. ಬಿಡಲಿಲ್ಲ, ಸುತ್ತಿಗೆ ತಂದೆ. ಕಳಚಿತು.

"ಈಗ ಇದರಲ್ಲಿ ಒಂದು ಡಾಲರ್ ಯಾವುದು?" ಅಂದಳು ಹೆಂಡತಿ.

ಅಂಗಡಿಯವನು ಎರಡನ್ನೂ ಮುಟ್ಟಲಿಲ್ಲ. ಗೋಂದು ಹಚ್ಚಿ ಕೂರಿಸಿ, ಭಾನುವಾರ ದೇವಸ್ಥಾನದ ಹುಂಡಿಗೆ ಹಾಕಿ ಭಕ್ತಿಯಿಂದ ಕೈಮುಗಿದೆ. ಒಳಗೆ ಬೀಳುವಾಗ ಎರಡು ಸಲ ಠಣ್ ಅಂತು.

ಒಂದು ಡಾಲರಿನ ಪ್ರದಕ್ಷಿಣೆ

ಆಫೀಸಲ್ಲಿ ನನ್ನ ಪಕ್ಕದ ಸೀಟಿನವನು ಕೆನಡಾದಲ್ಲೇ ಹುಟ್ಟಿ ಬೆಳೆದವನು. ಅವನ ಮದುವೆಗೆ ನನ್ನ ಹೆಂಡತಿ ಲಕೋಟೆಯೊಳಗೆ ಐವತ್ತರ ಕೆಂಪು ನೋಟಿಟ್ಟು, ಜೊತೆಗೆ ಒಂದು ಡಾಲರ್ ನಾಣ್ಯ ಹಾಕಿದಳು. ಮುಯ್ಯಿ ಅಂದಮೇಲೆ ಸೊನ್ನೆಗೆ ನಿಲ್ಲಿಸಬಾರದಲ್ಲ. ಹನಿಮೂನು ಮುಗಿಸಿ ಬಂದ ಪುಣ್ಯಾತ್ಮ "ಇದು ತಪ್ಪಿ ಬಿದ್ದುಬಿಟ್ಟಿದೆ" ಅಂತ ಆ ಒಂದು ಡಾಲರನ್ನ ನನ್ನ ಮೇಜಿನ ಮೇಲಿಟ್ಟ.

ಮನೇಲಿ ಹೇಳಿದ್ದಕ್ಕೆ ಹೆಂಡತಿ ಹೌಹಾರಿದಳು. "ಶುಭಕ್ಕೆ ಕೊಟ್ಟಿದ್ದು ವಾಪಸ್ ಇಸ್ಕೊಂಡ್ರೆ ಅವರ ಸಂಸಾರದ ಗತಿ ಏನ್ರೀ? ನಾಳೇನೇ ಕೊಟ್ಟು ಬನ್ನಿ."

ಮರುದಿನ ಅವನ ಮೇಜಿನ ಮೇಲಿಟ್ಟೆ. ಅವನು ನನ್ನ ಡ್ರಾಯರಿಗೆ ಹಾಕಿದ. ನಾನು ಅವನ ಕೋಟಿನ ಜೇಬಿಗೆ ಇಳಿಸಿದೆ. ಒಂದು ವಾರ ಇದೇ ಆಯ್ತು. ಶುಕ್ರವಾರ ಅವನಿಗೆ ರೇಗಿ, ಅದನ್ನ ಕಾಫಿ ಮೆಷಿನ್ನಿಗೆ ಹಾಕಿ ಎರಡು ಕಪ್ ತಂದು, ಒಂದನ್ನ ನನ್ನ ಮುಂದಿಟ್ಟ. ಅವರ ಸಂಸಾರ ಈಗಲೂ ಚೆನ್ನಾಗಿದೆ. ಅದರಲ್ಲಿ ಅರ್ಧ ಡಾಲರಿನಷ್ಟು ಶುಭ ನಾನು ಕುಡಿದಿದ್ದನ್ನ ಮನೇಲಿ ಹೇಳಿಲ್ಲ.

ಜೇಬಲ್ಲಿ ಒಂದು ಕೋಟಿ

ಎರಡು ಸಾವಿರದ ಒಂದರಲ್ಲಿ ಇರಬೇಕು, ಟರ್ಕಿಗೆ ಹೋಗಿದ್ದ ಮ್ಯಾನೇಜರು ನನಗೆ ಹತ್ತು ಮಿಲಿಯನ್ ಲಿರಾದ ನೋಟು ತಂದುಕೊಟ್ಟರು. ಸೊನ್ನೆ ಎಣಿಸಿದೆ, ಏಳು. ನಮ್ಮ ಲೆಕ್ಕದಲ್ಲಿ ಒಂದು ಕೋಟಿ. ಮಾರ್ಕಮ್ಮಿನ ಮಾಲಲ್ಲಿ ಎರಡು ಪ್ಲೇಟು ನೂಡಲ್ಸಿಗೆ ಸರಿಹೋಗೋ ದುಡ್ಡು.

ಮೈಸೂರಿನ ಮಾವನಿಗೆ ಫೋನ್ ಮಾಡಿದಾಗ, "ಒಂದು ಕೋಟಿ ಜೇಬಲ್ಲಿಟ್ಕೊಂಡು ಮಾತಾಡ್ತಾ ಇದ್ದೀನಿ ಮಾವ" ಅಂದೆ. ಅದು ಲಿರಾ ಅಂತ ಹೇಳೋಷ್ಟರಲ್ಲಿ ಕಾಲಿಂಗ್ ಕಾರ್ಡು ಮುಗಿದು ಲೈನು ಕಟ್ಟಾಯ್ತು. ಮಾವ ಬೀದಿಗೆಲ್ಲ ಡಂಗುರ ಹೊಡೆದರು. ತಿಂಗಳೊಳಗೆ ಆ ಬೀದಿ ಗಣೇಶನ ಸಮಿತಿಯಿಂದ ಕಾಗದ: ದಾನಿಗಳು ಕೈಲಾದಷ್ಟು ಕಳಿಸಬೇಕು.

ಕೈ ಬಿಗಿ ಅನ್ನಿಸಿಕೊಳ್ಳೋದು ಬೇಡ ಅಂತ ಇಡೀ ಒಂದು ಕೋಟಿನೇ ಲಕೋಟೆಗೆ ಹಾಕಿ ಕಳಿಸಿದೆ. ರಸೀದಿ ಇನ್ನೂ ಬಂದಿಲ್ಲ.

ತಜ್ಞರು ಬಂದರು

ಅಪ್ಪನ ಮರ್ಯಾದೆ ಹೋಯ್ತು ಅಂತ ಹೆಂಡತಿ ಕಡೇ ಮಾತು ಹೇಳಿದಳು. "ತಿಳಿದೋರನ್ನ ಕರೆಸಿ ಬೆಲೆ ಕಟ್ಟಿಸಿ. ಎರಡು ಸಾವಿರ ಡಾಲರ್ ದಾಟಿದ್ರೆ ಬೇಸ್‌ಮೆಂಟು ನಿಮ್ಮದು. ಇಲ್ಲಾಂದ್ರೆ ದೇವರದು."

ಒಪ್ಪಿದೆ. ನನ್ನ ಧೈರ್ಯವೆಲ್ಲ ಎರಡು ಟ್ರೇ ತಾಮ್ರದ ಮೇಲಿತ್ತು: ವಿಕ್ಟೋರಿಯಾ ರಾಣಿ ಕಾಲದ ಕೆನಡಾ ಸೆಂಟುಗಳು, ಮೈಸೂರಿನ ಆನೆ ಕಾಸುಗಳು. ನೂರಿನ್ನೂರು ವರ್ಷದ ಕಪ್ಪು ಹಿಡಿದು, ಮುತ್ತಿನಂಥ ಸ್ಥಿತಿಯಲ್ಲಿದ್ದವು. ತಜ್ಞರು ಶನಿವಾರಕ್ಕೆ ಒಪ್ಪಿದರು. ಅದರ ಹಿಂದಿನೆರಡು ದಿನ ನಾನು ಕೆಲಸದ ಮೇಲೆ ಮಾಂಟ್ರಿಯಲ್ಲಿಗೆ ಹೋಗಿದ್ದೆ. ನಾನು ಮನೆಗೆ ಬರೋದಕ್ಕೂ ಅವರು ಭೂತಗನ್ನಡಿ ಹಿಡಿದು ಬರೋದಕ್ಕೂ ಸರಿಹೋಯ್ತು.

ಟ್ರೇ ತೆಗೆದೆ. ಫಳಫಳ ಅಂತು. ತಜ್ಞರು ಭೂತಗನ್ನಡಿ ಕೆಳಗಿಟ್ಟರು.

"ಇದನ್ನ ಯಾರು ತೊಳೆದದ್ದು?"

"ನಾನೇ," ಅಂದಳು ಹೆಂಡತಿ, ಸಂಭ್ರಮದಿಂದ. "ನಿನ್ನೆ ವರಮಹಾಲಕ್ಷ್ಮಿ ಹಬ್ಬ ಇತ್ತು. ದೇವಿ ಮುಂದೆ ಕಿಲುಬು ದುಡ್ಡಿಡಕ್ಕಾಗುತ್ತಾ? ಮೇಲೆ ನೀವು ಬೇರೆ ಬರೋರಿದ್ರಿ. ಮೊನ್ನೇನೇ ಹುಣಸೆಹಣ್ಣು, ಉಪ್ಪು ಹಾಕಿ ಮೂರು ಗಂಟೆ ತಿಕ್ಕಿದೆ. ಹಳೇ ನೋಟು ಮುದುಡಿತ್ತು, ಇಸ್ತ್ರಿ ಮಾಡಿದ್ದೀನಿ."

ತಜ್ಞರು ಕುರ್ಚಿ ಹುಡುಕಿಕೊಂಡು ಕೂತರು. ಹಳೇ ನಾಣ್ಯಕ್ಕೆ ಬೆಲೆ ಬರೋದೇ ಆ ಕಪ್ಪಿನಿಂದ ಅಂತ ಮೆತ್ತಗೆ ತಿಳಿಸಿದರು. "ಬುಧವಾರ ತೋರಿಸಿದ್ರೆ ಮೂರು ಸಾವಿರ ಹೇಳ್ತಿದ್ದೆ. ಈಗ ಒಂದು ಒಳ್ಳೇ ಊಟಕ್ಕಾಗುತ್ತೆ."

ಅವರು ಹೋದಮೇಲೆ ನನ್ನ ಕಣ್ಣಲ್ಲಿ ನಿಜವಾಗಲೂ ನೀರು ಬಂತು. ಅವಳ ಮುಖ ನನಗಿಂತ ಬಾಡಿತ್ತು. "ನೀವೇ ಗೆಲ್ಲಬೇಕು ಅಂತ ತಿಕ್ಕಿದೆ ಕಣ್ರೀ," ಅಂದಳು. ಅದನ್ನ ಕೇಳಿದ ಮೇಲೆ ಯಾರಿಗೆ ಕೋಪ ಬರುತ್ತೆ?

"ಹೋಗ್ಲಿ ಬಿಡು. ಮಾತು ಅಂದ್ರೆ ಮಾತು. ಬೇಸ್‌ಮೆಂಟು ದೇವರಿಗೆ. ಇದನ್ನೆಲ್ಲ ಬಂದಷ್ಟಕ್ಕೆ ಮಾರಿಬಿಡ್ತೀನಿ," ಅಂದೆ.

"ಚೆನ್ನಾಗಿ ಹೇಳಿದ್ರಿ. ಅರಿಶಿನ ಕುಂಕುಮ ಇಟ್ಟ ಲಕ್ಷ್ಮೀನ ಯಾರಾದ್ರೂ ಮನೆಯಿಂದ ಆಚೆ ಹಾಕ್ತಾರಾ?"

ಹಾಗಾಗಿ ಬೇಸ್‌ಮೆಂಟು ದೇವರಮನೆ ಆಯ್ತು, ನನ್ನ ನಾಣ್ಯಗಳು ದೇವರ ಮುಂದೆ ಕೂತವು. ಕೂಡಿಟ್ಟೋರೇ ತಿಕ್ಕಬೇಕು ಅಂತ ತೀರ್ಪೂ ಆಯ್ತು. ಈಗ ಪ್ರತಿ ಹಬ್ಬದ ಹಿಂದಿನ ದಿನ ನಾನು ರಜಾ ಹಾಕಿ, ಹುಣಸೆಹಣ್ಣು ಹಿಡಿದು ಸಿಂಕಿನ ಮುಂದೆ ನಿಲ್ಲೋದು. ಹೆಂಡತಿ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು, "ನೋಡಿ, ಈ ರಾಣಿ ಕಿವಿ ಹಿಂದೆ ಇನ್ನೂ ಕಪ್ಪಿದೆ" ಅಂತ ವಾಪಸ್ ಕೊಡ್ತಾಳೆ.