ಹಾಲ್‌ನಲ್ಲಿ ಇರಲು ಬಂದ ಸ್ಮಾರ್ಟ್ ಟ್ರೇನರ್

ನಾಸಿಕದ ಚಳಿಗಾಲವನ್ನು ವಿಶ್ವನಾಥಪ್ಪನವರು ರಜಾಯಿಯೊಳಗಿಂದಲೇ ಗೌರವಿಸುವವರು. ಧರ್ಮಪತ್ನಿ ಪಾರ್ವತಿಬಾಯಿಗೆ ಮಾತ್ರ ಫೆಬ್ರವರಿಯಲ್ಲಿ ಬಡಾವಣೆಯ ಸೈಕಲ್ ಬಳಗದೊಂದಿಗೆ ಚಾಂದವಡದ ಘಾಟಿನ ಏರನ್ನು ಎಲ್ಲೂ ಸೈಕಲ್ಲಿನಿಂದ ಇಳಿಯದೆ ಹತ್ತುವ ಹಟ. ಥಂಡಿಗೆ ಹೊರಗೆ ಹೋದರೆ ಕೆಮ್ಮು. ಆದ್ದರಿಂದ ಅಭ್ಯಾಸ ಮನೆಯಲ್ಲೇ ಎಂದು ತಾಯಿ ಮಗಳು ನಿಶ್ಚಯಿಸಿದ್ದರು.

ಮಗಳು ವೈಷ್ಣವಿ ಸಂಭಾಜಿನಗರದ ಹಾಸ್ಟೆಲ್‌ನಲ್ಲಿ ಓದುವವಳು, ಮರಾಠಿಯಲ್ಲೇ ಬೆಳೆದವಳು. ಅವಳ ಕನ್ನಡದಲ್ಲಿ ಫ್ರಿಜ್ಜು ‘ಕೆಟ್ಟನು’, ಕುರ್ಚಿ ‘ಮುರಿದಳು’. (ಮರಾಠಿಯಲ್ಲಿ ಫ್ರಿಜ್ಜು ಗಂಡು, ಕುರ್ಚಿ ಹೆಣ್ಣು, ಬೀದರಿನಿಂದ ಬಂದ ಈ ಕನ್ನಡದವರ ಮನೆ ಸೇರಿದ್ದು ಅವುಗಳ ತಪ್ಪಲ್ಲ.) ಅವಳ ಫೋನು ಬಂತು.

“ಪಪ್ಪಾ, ಮಮ್ಮಿಗೆ ಸ್ಮಾರ್ಟ್ ಟ್ರೇನರ್ ಫೈನಲ್ ಮಾಡೀನಿ. ಸಾದಾ ಟ್ರೇನರ್ ಭಾಳ ಆವಾಜ್ ಮಾಡ್ತಾನ. ಇವ ಶಾಂತ ಇದ್ದಾನ. ಥಂಡಿ ಮುಗಿಯೂತನಕ ಹಾಲ್‌ನಾಗೇ ಇರ್ತಾನ.”

“ನಮ್ಮ ಮನ್ಯಾಗ?”

“ಹೌದು! ಘಾಟ್ ಬಂತಂದ್ರ ಹಿಂದಿನಿಂದ ಗಟ್ಟಿ ಹಿಡೀತಾನ, ಬಿಡೂದೇ ಇಲ್ಲ!”

ರಜಾಯಿ ನೆಲಕ್ಕೆ ಬಿತ್ತು. ಮಗಳ ವ್ಯಾಕರಣ ಗೊತ್ತಿಲ್ಲದ ತಂದೆಯೇನಲ್ಲ. ಆದರೆ ಹೊಟ್ಟೆಕಿಚ್ಚಿನಲ್ಲಿ ವ್ಯಾಕರಣ ಯಾರಿಗೆ ನೆನಪಿರುತ್ತದೆ? ಅದೂ ಸ್ಮಾರ್ಟ್ ಅಂತೆ! (ಈಗ ಕರೆಂಟ್ ಮೀಟರಿಗೂ ಸ್ಮಾರ್ಟ್ ಎನ್ನುತ್ತಾರೆ, ವಿಶ್ವನಾಥಪ್ಪನವರಿಗೆ ಮಾತ್ರ ಯಾರೂ ಅಂದವರಿಲ್ಲ.)

ಹೆಂಡತಿಯನ್ನು ನೇರವಾಗಿ ಕೇಳಲು ಮಾನ ಬಿಡಲಿಲ್ಲ. “ಟ್ರೇನರ್ ಯಾಕ ಬೇಕು? ನಾ ಇಲ್ಲೇನು?”

“ನಿಮ್ಮ ಕಡಿಂದ ಆಗೂದಿಲ್ರಿ. ಸೋಫಾ ಸರಿಸಿ ಜಾಗಾ ಮಾಡ್ರಿ,” ಎಂದರು ಪಾರ್ವತಿಬಾಯಿ.

ಮಾತು ಎದೆಗೆ ನಾಟಿತು. ಗೃಹಸಾಮ್ರಾಜ್ಯದ ಸಿಂಹಾಸನವಾದ ಸೋಫಾವನ್ನು ತಾವೇ ಸರಿಸಿದರು. ಸೋಲೊಪ್ಪುವ ಕುಲವಲ್ಲ, ಮೀಸೆಗೆ ಕಪ್ಪು ಬಳಿದರು, ಹೊಸ ಟ್ರ್ಯಾಕ್ ಪ್ಯಾಂಟ್ ತಂದರು, ಹೊಟ್ಟೆ ಒಳಗೆಳೆದುಕೊಂಡೇ ಚಹಾ ಕುಡಿಯಲು ಕಲಿತರು.

ಭಾನುವಾರ ಟ್ರೇನರ್ ಬಂದ. ರಟ್ಟಿನ ಪೆಟ್ಟಿಗೆಯಲ್ಲಿ ಬಂದ.

ಒಳಗಿದ್ದದ್ದು ಕಾಲು ಚಾಚಿದ ಕಬ್ಬಿಣದ ದಾಂಡಿಗ, ಸೈಕಲ್ಲನ್ನು ನಿಂತಲ್ಲೇ ತುಳಿಯಲು ಹಿಂದಿನಿಂದ ಹಿಡಿದಿಡುವ ಯಂತ್ರ. ಪಾರ್ವತಿಬಾಯಿ ಸೈಕಲ್ಲಿನ ಹಿಂದಿನ ಗಾಲಿ ಕಳಚಿ, ಸೈಕಲ್ಲನ್ನು ಅದಕ್ಕೆ ಸಿಕ್ಕಿಸಿ, ಹತ್ತಿ ತುಳಿದರು. ಫೋನಿನ ಪರದೆಯ ದಾರಿಯಲ್ಲಿ ಏರು ಬಂದಂತೆ ಪೆಡಲು ತಾನಾಗಿ ಬಿಗಿಯಾಯಿತು. ವಿಶ್ವನಾಥಪ್ಪ ಉಸಿರು ಬಿಟ್ಟರು. ಹೊಟ್ಟೆ ಸ್ವಸ್ಥಾನಕ್ಕೆ ಮರಳಿತು.

ಪಾರ್ವತಿಬಾಯಿ ಆಗಲೇ ಗಂಡನನ್ನು ದಿಟ್ಟಿಸಿದ್ದು. “ಅಲ್ರೀ, ಮೀಸಿ ಕರ್ರಗ, ಪ್ಯಾಂಟ್ ಹೊಸಾದು... ಯಾರ ಸಲುವಾಗಿ ಇದೆಲ್ಲ?”

ನಿಜ ಹೇಳಿದರೆ ಮಾನ ಹೋಗುತ್ತದೆ. “ನಾನೂ... ಸೈಕಲ್ ಹೊಡೀಬೇಕಂತ...”

ಪಾರ್ವತಿಬಾಯಿಯ ಕಣ್ಣು ತುಂಬಿ ಬಂತು. “ಚಾಂದವಡಕ್ಕ ನನ್ನ ಜೋಡಿ ಬರ್ತೀರಿ? ಮೊದಲ ಹೇಳಬಾರದೇನ್ರಿ!” ಆ ಮುಖ ನೋಡಿ ಇಲ್ಲವೆನ್ನಲು ಬಾಯಿ ಬರಲಿಲ್ಲ. ನಿಜಕ್ಕೂ ಖುಷಿಯೇ ಆಯಿತು.

ಖುಷಿ ಮರುದಿನ ನಸುಕಿನಲ್ಲಿ ಹೆಂಡತಿ ರಜಾಯಿ ಎಳೆಯುವವರೆಗೆ ಇತ್ತು. ಏದುಸಿರು ಬಿಡುತ್ತ ತುಳಿಯುತ್ತಿದ್ದಾಗ, ಮೀಸೆಯ ಕಪ್ಪು ಗದ್ದಕ್ಕಿಳಿಯುತ್ತಿದ್ದಾಗ, ಮಗಳ ಕರೆ ಬಂದ ಫೋನನ್ನು ಹೆಂಡತಿ ಅವರ ಕಿವಿಗೆ ಹಿಡಿದರು.

“ಪಪ್ಪಾ, ಟ್ರೇನರ್ ಹ್ಯಾಂಗಿದ್ದಾನ?”

“ಹಿಂದಿನಿಂದ ಗಟ್ಟಿ ಹಿಡ್ದಾನವ್ವ,” ಎಂದರು ವಿಶ್ವನಾಥಪ್ಪ, “ಬಿಡವಲ್ಲ!”