ತೆಳ್ಳಗಿದ್ದವನ ಕೊಬ್ಬು

ತೆಳ್ಳಗಿರುವವರಿಗೂ ಕೊಬ್ಬಿರುತ್ತದೆ. ಅದು ಹೊಟ್ಟೆಯ ಮೇಲೆ ಕಾಣುವುದಿಲ್ಲ, ಮಾತಿನಲ್ಲಿ ಕಾಣುತ್ತದೆ. ನನಗಂತೂ ಧಾರಾಳವಾಗಿತ್ತು. ಕೊಳ್ಳೇಗಾಲದಿಂದ ದಿನಾ ಬಸ್ಸಿನಲ್ಲಿ ಯಳಂದೂರಿಗೆ ಹೋಗಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುವ ನನಗೆ, ಐವತ್ತು ಹತ್ತಿರವಾದರೂ ಮದುವೆಯಲ್ಲಿ ಹೊಲಿಸಿದ ಪ್ಯಾಂಟು ಸರಿಹೋಗುತ್ತಿತ್ತು. ಬದುಕಿನಲ್ಲಿ ನಾನು ಸಾಧಿಸಿದ್ದು ಅದೊಂದೇ ಆದ್ದರಿಂದ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಪಕ್ಕದ ಮೇಜಿನ ರಾಜಪ್ಪನಿಗೆ ಇನ್ನೂ ಹೆಚ್ಚಾಗಿ ಹೇಳುತ್ತಿದ್ದೆ. ಅವನು ಎದ್ದರೆ ಕುರ್ಚಿಯೂ ಜೊತೆಗೇ ಏಳುವಷ್ಟು ದಪ್ಪ. ಅವನು ಬೋಂಡಕ್ಕೆ ಕೈ ಹಾಕಿದಾಗಲೆಲ್ಲ "ಎದೆ ಹುಷಾರು ರಾಜಪ್ಪ" ಎನ್ನುತ್ತಾ ನಾನೂ ಎರಡು ತಿನ್ನುತ್ತಿದ್ದೆ.

ಒಂದು ದಿನ ಕಚೇರಿಯಲ್ಲೇ ರಕ್ತ ಪರೀಕ್ಷೆಯ ಶಿಬಿರ ನಡೆಯಿತು. ವರದಿ ಬಂದಾಗ ರಾಜಪ್ಪನದು ಎಲ್ಲ ಸರಿಯಾಗಿತ್ತು. ನನ್ನದರಲ್ಲಿ ಕೆಟ್ಟ ಕೊಲೆಸ್ಟ್ರಾಲಿನ ಅಂಕಿಯ ಕೆಳಗೆ ಎರಡು ಗೆರೆ ಎಳೆದಿದ್ದರು. ಶಿಬಿರದ ಡಾಕ್ಟರಮ್ಮನ ಹತ್ತಿರ ಹೋಗಿ, ವರದಿ ಅದಲುಬದಲಾಗಿದೆ ಎಂದೆ.

"ರಕ್ತದ ಕೊಬ್ಬು ಸೊಂಟದ ಅಳತೆ ಕೇಳ್ಕೊಂಡು ಬರಲ್ಲ" ಎಂದರು ಅವರು. "ನಿಮ್ಮ ತಂದೆಗೆ ಹಾರ್ಟಿನ ತೊಂದರೆ ಇತ್ತಾ?"

"ಇಲ್ಲ ಮೇಡಂ. ಅವರು ಹೋಗಿದ್ದು ಗ್ಯಾಸಿಂದ."

"ಎಷ್ಟು ವಯಸ್ಸಿಗೆ?"

"ನಲವತ್ತಾರು."

ಅವರು ಪೆನ್ನು ಕೆಳಗಿಟ್ಟರು. ಅಪ್ಪ ಸತ್ತೇಗಾಲದ ಗದ್ದೆಯಿಂದ ಎದೆ ಹಿಡಿದುಕೊಂಡು ಬಂದದ್ದು, ಅವ್ವ ಓಮದ ಕಷಾಯ ಕುಡಿಸಿದ್ದು, ನಾನು ಸೋಡಾ ತರಲು ಅಂಗಡಿಗೆ ಓಡಿದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಇಪ್ಪತ್ತೇಳು ವರ್ಷ ನಾನು ಸುಮ್ಮನೆ ಗ್ಯಾಸನ್ನು ಬೈದುಕೊಂಡು ಬಂದಿದ್ದೆ.

"ಕೊಲೆಸ್ಟ್ರಾಲ್ ಒಂದನ್ನೇ ನೋಡಿದರೆ ಸಾಲದು. ವಯಸ್ಸು, ಬಿ.ಪಿ., ಶುಗರ್, ಬೀಡಿ ಸಿಗರೇಟು, ಮನೆತನ ಎಲ್ಲ ಸೇರಿಸಿ ನೋಡಬೇಕು. ನಿಮ್ಮದು ಮನೆತನದಲ್ಲೇ ಬಂದ ಹಾಗಿದೆ. ಒಡಹುಟ್ಟಿದವರು ಇದ್ದಾರಾ?"

"ತಮ್ಮ ಒಬ್ಬನಿದ್ದಾನೆ. ನನಗಿಂತ ಸಣಕಲು. ಬೀಡಿ ಸೇದುತ್ತಾನೆ."

"ಈ ವಾರವೇ ಕರ್ಕೊಂಡು ಬನ್ನಿ."

ನಾನು ಕರೆದುಕೊಂಡು ಹೋಗಲಿಲ್ಲ. ವರದಿಯನ್ನು ಮಡಚಿ ಜೇಬಿಗಿಟ್ಟು, ರಾಜಪ್ಪನಿಗೆ "ನಂದೂ ನಾರ್ಮಲ್ಲು" ಎಂದುಬಿಟ್ಟಿದ್ದೆ. ಡಾಕ್ಟರಮ್ಮ ಬರೆದ ಮಾತ್ರೆಯನ್ನು ಹೆಂಡತಿಗೆ ವಿಟಮಿನ್ ಎಂದು ಹೇಳಿ ನುಂಗಿದೆ. ತಮ್ಮನಿಗೆ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಆದರೂ ಸತ್ತೇಗಾಲದಲ್ಲೇ ಬೇಸಾಯ ಮಾಡಿಕೊಂಡಿದ್ದ ತಮ್ಮ ಮಾದೇವನಿಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನಾಟಿ ಆಯಿತಾ, ಮಳೆ ಬಂತಾ ಎಂದು ಕೇಳಿ ಇಟ್ಟೆ.

ಮೂರನೇ ತಿಂಗಳು ಅವನ ಹೆಂಡತಿ ಶಿವಮ್ಮ ಕಚೇರಿಯ ಹೊತ್ತಿನಲ್ಲಿ ಫೋನ್ ಮಾಡಿದಳು. "ಬಾವಾ, ಇವ್ರಿಗೆ ಎದೆ ಇಡ್ಕಂಡದೆ. ಬೆವರು ಸುರೀತಾದೆ. 'ಗ್ಯಾಸು ಕಣಮ್ಮಿ, ಸೋಡಾ ತತ್ತಾ' ಅಂತವ್ರೆ."

"ಸೋಡಾ ಬೇಡ! ಈಗಲೇ ಆಟೋದಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ ಕರೆತಾ!" ಎಂದು ಕಿರುಚಿದೆ. ಇಡೀ ಕಚೇರಿ ತಿರುಗಿ ನೋಡಿತು. ಒಂದು ಮಾತೂ ಕೇಳದೆ ಕಾರಿನ ಕೀ ಎತ್ತಿಕೊಂಡು ಹೊರಟವನು ರಾಜಪ್ಪ. ಅವನು ಏದುಸಿರು ಬಿಡುತ್ತಾ ಓಡುತ್ತಿದ್ದರೆ, ಸಪೂರ ದೇಹದ ನಾನು ಹಿಂದೆ ಬಿದ್ದಿದ್ದೆ.

ಕೊಳ್ಳೇಗಾಲದಿಂದ ಆಂಬುಲೆನ್ಸಿನಲ್ಲಿ ಮೈಸೂರಿಗೆ ಹೋದೆವು. ಸ್ಟೆಂಟ್ ಹಾಕಿದರು. ಮಾದೇವ ಉಳಿದ. ಆದರೆ ಹೃದಯಕ್ಕೆ ಮೊದಲಿನ ಬಲವಿಲ್ಲ, ಇನ್ನು ಭಾರದ ಕೆಲಸ ಮಾಡುವ ಹಾಗಿಲ್ಲ ಎಂದರು. ನಲವತ್ನಾಲ್ಕು ವರ್ಷದ ಬೇಸಾಯಗಾರನಿಗೆ ಭಾರವಿಲ್ಲದ ಕೆಲಸ ಯಾವುದು ಎಂದು ಅವನು ಕೇಳಿದ.

ಅವನನ್ನು ಮನೆಗೆ ಕರೆತಂದ ಮೇಲೆ ಊರಿನವರು ನೋಡಲು ಬಂದರು. ಮಾದೇವ ಗೋಡೆಗೊರಗಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದ: "ನಮ್ಮಣ್ಣ ಇಲ್ದಿದ್ರೆ ಓಗ್ಬುಡ್ತಿದ್ದೆ ಕಣ್ರಿ. ನನ್ ಮಖನೂ ನೋಡ್ದೆ, ಫೋನಲ್ಲೇ ಕಂಡಿಡ್ಬುಟ್ಟ, ಇದು ಎದೇದೇ ಅಂತ. ಅಷ್ಟು ತಿಳ್ದವ್ನು!"

ಪಕ್ಕದ ಮನೆಯ ಅಜ್ಜಿ ನನ್ನ ಕೈ ಹಿಡಿದು, "ಒಡುಟ್ದೋರು ಅಂದ್ರೆ ಇಂಗಿರ್ಬೇಕು ಕಣ್ ಮಗಾ" ಎಂದು ಕಣ್ಣೊರೆಸಿಕೊಂಡಳು.

ನಾನು ತಲೆ ತಗ್ಗಿಸಿದೆ. ಅದನ್ನೂ ಅವರು ವಿನಯ ಎಂದುಕೊಂಡರು.